ಚಿನ್ನ ತೆಗೆಯುವ ಪಾದರಸ ಮೀನಿನೊಳಗೆ ಸೇರುವುದು ಹೇಗೆ?

ನಾನು ಆರನೇ ತರಗತಿಯಲ್ಲಿದ್ದಾಗ ಮನೆಯ ಥರ್ಮಾಮೀಟರ್ ಕೈಜಾರಿ ಬಿತ್ತು. ಕೆಂಪು ನೆಲದ ಮೇಲೆ ಬೆಳ್ಳಿಯಂಥ ಗುಂಡುಗಳು ಉರುಳಿ ಓಡಿದವು. ಬೆರಳಿನಿಂದ ಒತ್ತಿದರೆ ಒಡೆದು ಎರಡಾಗುತ್ತಿದ್ದವು, ಹತ್ತಿರ ತಂದರೆ ಮತ್ತೆ ಕೂಡಿ ಒಂದಾಗುತ್ತಿದ್ದವು. ಕಾಗದದಲ್ಲಿ ಬಳಿದು ಒಟ್ಟುಮಾಡಿ ಅಂಗೈಗೆ ಹಾಕಿಕೊಂಡು ಆಡಿದೆ. ಆಯಿ ಸ್ನಾನಕ್ಕೆ ಹೋಗುವಾಗ ಕಿಟಕಿಯಲ್ಲಿ ತೆಗೆದಿಟ್ಟ ಚಿನ್ನದ ಉಂಗುರಕ್ಕೂ ಒಂದು ಹನಿ ಹಚ್ಚಿ ಉಜ್ಜಿ ನೋಡಿದೆ. ಕಣ್ಣೆದುರೇ ಹಳದಿ ಉಂಗುರ ಬೆಳ್ಳಗಾಯಿತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಸೋಪು ಹಾಕಿ ತೊಳೆದೆ, ಆಗಲೂ ಹೋಗಲಿಲ್ಲ.

ಆಮೇಲೆ ತಿಂದ ಬೈಗುಳದ ವಿಷಯ ಬಿಡಿ. ಮರುದಿನ ಆಯಿ ನನ್ನನ್ನೂ ಕರೆದುಕೊಂಡು ಕಾರವಾರ ಪೇಟೆಯ ಸೊನಗಾರರ ಅಂಗಡಿಗೆ ಹೋದಳು. ಅವರು ಉಂಗುರವನ್ನು ಬೆಳಕಿಗೆ ಹಿಡಿದು, "ಪಾದರಸ ತಾಗಿದೆ, ಏನೂ ಆಗೂದಿಲ್ಲ, ಸುಟ್ಟರೆ ಹೋಗ್ತದೆ" ಅಂದರು. ನನ್ನ ಕಡೆ ತಿರುಗಿ, "ತಂಗಿ, ನೀನು ಹೊರಗೆ ಹೋಗಿ ನಿಲ್ಲು" ಎಂದರು. ನಾನು ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಇಕ್ಕಳದಲ್ಲಿ ಉಂಗುರ ಹಿಡಿದು, ಊದುಗೊಳವೆಯಿಂದ ದೀಪದ ಉರಿಯನ್ನು ಅದರ ಮೇಲೆ ಹಾಯಿಸಿದರು. ದೊಡ್ಡ ಹೊಗೆ ಏನೂ ಬರಲಿಲ್ಲ. ಬಿಳುಪು ಮಾತ್ರ ನಿಧಾನಕ್ಕೆ ಕರಗಿ ಮಂಕು ಹಳದಿ ಬಣ್ಣ ಬಂತು. ಆಮೇಲೆ ಉಜ್ಜಿ ಹೊಳಪು ಕೊಟ್ಟು ಆಯಿಯ ಕೈಗಿಟ್ಟರು. ಉಂಗುರ ವಾಪಸು ಸಿಕ್ಕಿತು. ಪಾದರಸ ಎಲ್ಲಿ ಹೋಯಿತು ಅಂತ ನಾವ್ಯಾರೂ ಕೇಳಲಿಲ್ಲ.

ಅಮೆಜಾನ್ ಕಾಡಿನ ಹೊಳೆಗಳಲ್ಲಿ, ಘಾನಾದಲ್ಲಿ, ಇಂಡೋನೇಷ್ಯಾದಲ್ಲಿ ಬಡವರು ಚಿನ್ನ ತೆಗೆಯುವ ರೀತಿಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅಂಗಡಿ. ಅವರು ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೇ, ನಾವು ತಪ್ಪಿ ಮಾಡಿದ್ದನ್ನು ಅವರು ದಿನಾ ಬೇಕೆಂದೇ ಮಾಡುತ್ತಾರೆ. ಅಲ್ಲೂ ಚಿನ್ನ ಕೈಗೆ ಬರುತ್ತದೆ, ಪಾದರಸ ಎಲ್ಲಿಗೋ ಹೋಗುತ್ತದೆ. ಅದು ಹೋಗುವ ದಾರಿಯನ್ನು ಹಿಡಿದು ನೋಡಿದರೆ ಕೊನೆಗೆ ಮೀನಿನ ಬುಟ್ಟಿಯ ಹತ್ತಿರ ಬಂದು ನಿಲ್ಲುತ್ತೇವೆ. ಕರಾವಳಿಯಲ್ಲಿ ಹುಟ್ಟಿ ಮೀನು ತಿಂದು ಬೆಳೆದ ನನಗೆ ಈ ದಾರಿ ಅರ್ಥವಾಗಲೇಬೇಕು ಅನ್ನಿಸಿತು.

ಹೊಳೆಯ ಮರಳಿನಲ್ಲಿ ಚಿನ್ನ ಗಟ್ಟಿಯಾಗಿ ಸಿಗುವುದಿಲ್ಲ. ಹಿಟ್ಟಿನಂಥ ಸಣ್ಣ ಕಣಗಳಾಗಿ ಇರುತ್ತದೆ. ಮರಳು ತೊಳೆದು ಇಂಥ ಚಿನ್ನ ಆರಿಸುವವನಿಗೆ ನಮ್ಮ ಭಾಷೆಯಲ್ಲಿ ಜಲಗಾರ ಎಂಬ ಹಳೆಯ ಹೆಸರೇ ಇದೆ. ಜಾರ್ಖಂಡದ ಸುವರ್ಣರೇಖಾ, ಕೇರಳದ ನಿಲಂಬೂರು ಬಳಿಯ ಚಾಲಿಯಾರ್ ಹೊಳೆಗಳಲ್ಲಿ ಹೀಗೆ ಮರಳು ತೊಳೆಯುವ ರೂಢಿ ಇದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಹಾಗಾಗಿ ಬೋಗುಣಿಯಲ್ಲಿ ಅಲುಗಾಡಿಸಿದರೆ ಮರಳು ಮೇಲೆ ಹರಿದುಹೋಗಿ ಭಾರದ ಕಣ ತಳದಲ್ಲಿ ಉಳಿಯುತ್ತದೆ. ಆದರೆ ತೀರಾ ಸಣ್ಣ ಕಣಗಳು ನೀರಿನ ಜೊತೆಯೇ ಹೋಗಿಬಿಡುತ್ತವೆ. ಅವನ್ನು ಹಿಡಿಯಲು ಪಾದರಸ ಬೇಕು.

ತಳದಲ್ಲಿ ಉಳಿದ ಕಪ್ಪು ಮರಳಿಗೆ ಪಾದರಸ ಹಾಕಿ ಕೈಯಿಂದಲೋ ಕಾಲಿನಿಂದಲೋ ಕಲಸುತ್ತಾರೆ. ಪಾದರಸಕ್ಕೆ ಕಲ್ಲು, ಮರಳು ಅಂಟುವುದಿಲ್ಲ. ಚಿನ್ನ ಮಾತ್ರ ಅಂಟುತ್ತದೆ, ಉಂಗುರಕ್ಕೆ ಅಂಟಿದ ಹಾಗೆ. ಚೂರುಚೂರು ಚಿನ್ನವೆಲ್ಲ ಅದರೊಳಗೆ ಸೇರಿ ಬೆಣ್ಣೆಯಂಥ ಬೂದು ಮುದ್ದೆ ಆಗುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಹೆಚ್ಚಾದ ಪಾದರಸ ಬಟ್ಟೆಯ ಕಣ್ಣಿನಿಂದ ಹನಿಹನಿಯಾಗಿ ಹೊರಗೆ ಬರುತ್ತದೆ. ಉಳಿದ ಗಟ್ಟಿ ಮುದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಚಿನ್ನ, ಅರ್ಧ ಪಾದರಸ. ಅದನ್ನು ಬಾಣಲೆಗೋ ಸಲಿಕೆಯ ಮೇಲೋ ಇಟ್ಟು ಕೆಳಗೆ ಬೆಂಕಿ ಹಾಕುತ್ತಾರೆ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗುತ್ತದೆ. ಚಿನ್ನ ಕರಗಲಿಕ್ಕೇ 1,064 ಡಿಗ್ರಿ ಬೇಕು. ಹಾಗಾಗಿ ಪಾದರಸವೆಲ್ಲ ಹಾರಿಹೋಗಿ ಚಿನ್ನದ ಸಣ್ಣ ಉಂಡೆ ಉಳಿಯುತ್ತದೆ. ಸಂಜೆಯೊಳಗೆ ಅದನ್ನು ಮಾರಿ ಅಕ್ಕಿ ತರಬಹುದು.

ಅವರು ಪಾದರಸವನ್ನು ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಉತ್ತರ ಈ ಸಂಜೆಯ ಅಕ್ಕಿಯಲ್ಲೇ ಇದೆ. ಕರೆಂಟು ಬೇಡ, ಯಂತ್ರ ಬೇಡ, ಓದು ಬೇಡ. ಒಂದು ಸಣ್ಣ ಬಾಟಲಿ ಇದ್ದರೆ ಒಬ್ಬನೇ ಮಾಡಬಹುದು. ಹೀಗೆ ಸಣ್ಣ ಪ್ರಮಾಣದಲ್ಲಿ ಚಿನ್ನ ತೆಗೆದು ಬದುಕುವವರು 70ಕ್ಕೂ ಹೆಚ್ಚು ದೇಶಗಳಲ್ಲಿದ್ದಾರೆ, ಒಂದು ಕೋಟಿಗಿಂತ ಹೆಚ್ಚು ಜನ. ಅವರಲ್ಲಿ ಲಕ್ಷಗಟ್ಟಲೆ ಹೆಂಗಸರು, ಮಕ್ಕಳೂ ಇದ್ದಾರೆ. ಅವರನ್ನು ಸುಮ್ನೆ ಕಳ್ಳರು, ಪರಿಸರ ಹಾಳುಮಾಡುವವರು ಎಂದು ಬೈದರೆ ವಿಷಯ ಮುಗಿಯುವುದಿಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವರೇ ಅವರು.

ಲೆಕ್ಕ ನೋಡಿ. ತೊಳೆದು ಕಡಿಮೆ ಮಾಡಿದ ಮರಳಿಗೆ ಮಾತ್ರ ಪಾದರಸ ಹಾಕಿದರೆ ಒಂದು ಗ್ರಾಂ ಚಿನ್ನಕ್ಕೆ ಒಂದು ಗ್ರಾಮಿನ ಆಸುಪಾಸು ಪಾದರಸ ಕಳೆದುಹೋಗುತ್ತದೆ. ತೊಳೆಯುವ ತೊಂದರೆ ಬೇಡ ಅಂತ ಅರೆದ ಕಲ್ಲಿಗೆಲ್ಲ ಒಟ್ಟಿಗೆ ಸುರಿದರೆ ಅದರ ಎಷ್ಟೋ ಪಟ್ಟು ಜಾಸ್ತಿ ಹೋಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನ ಪ್ರಕಾರ 2015ರಲ್ಲಿ ಮನುಷ್ಯರ ಕೆಲಸಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಶೇ 38ರಷ್ಟು ಈ ಸಣ್ಣ ಚಿನ್ನಗಾರಿಕೆಯದ್ದೇ. ಕಲ್ಲಿದ್ದಲು ಉರಿಸುವುದು ಎರಡನೇ ಸ್ಥಾನದಲ್ಲಿದೆ. ನೇರವಾಗಿ ಮಣ್ಣಿಗೆ, ನೀರಿಗೆ ಬೀಳುವ ಪಾದರಸ ಈ ಲೆಕ್ಕದಲ್ಲಿ ಸೇರಿಲ್ಲ.

ಚಿನ್ನದ ಗಣಿ ಅಂದರೆ ನಮ್ಮ ರಾಜ್ಯದವರಿಗೆ ಕೋಲಾರ, ಹಟ್ಟಿ ನೆನಪಾಗುತ್ತವೆ, ಅಲ್ವಾ? ಅಂಥ ದೊಡ್ಡ ಗಣಿಗಳ ಮಾತು ಬೇರೆ. ಅಲ್ಲಿ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಾರೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಪಕ್ಕ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು ಅದರ ಗುರುತು. ಸೈನೈಡ್ ಕೂಡ ವಿಷವೇ. ಆದರೆ ಅದು ಇಂಗಾಲ, ಸಾರಜನಕ ಸೇರಿ ಆದದ್ದು. ಬಿಸಿಲು, ಗಾಳಿಗೆ ನಿಧಾನಕ್ಕೆ ಒಡೆದು ಹೋಗುತ್ತದೆ. ಪಾದರಸ ಹಾಗಲ್ಲ. ಅದು ಮೂಲಧಾತು. ಒಡೆಯಲಿಕ್ಕೆ ಅದರೊಳಗೆ ಏನೂ ಇಲ್ಲ. ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಮುಗಿದುಹೋಗುವುದಿಲ್ಲ.

ಸೊನಗಾರರು ನನ್ನನ್ನು ಹೊರಗೆ ನಿಲ್ಲಿಸಿದ್ದು ಯಾಕೆಂದು ಈಗ ಗೊತ್ತು. ಪಾದರಸದ ಹನಿಯನ್ನು ಯಾರಾದರೂ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಕರುಳು ಅದನ್ನು ಹೀರಿಕೊಳ್ಳುವುದು ತೀರಾ ಕಡಿಮೆ. ಆದರೆ ಅದೇ ಪಾದರಸದ ಆವಿಯನ್ನು ಉಸಿರಾಡಿದರೆ ಶೇ 80ರಷ್ಟು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ದಿನಾ ಉಸಿರಾಡುವವರಿಗೆ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಮರೆವು ಶುರುವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಎಷ್ಟೋ ಕಡೆ ಮುದ್ದೆಯನ್ನು ಅಡುಗೆಮನೆಯ ಒಲೆಯಲ್ಲೇ ಸುಡುತ್ತಾರೆ. ಚಿನ್ನ ಕೊಳ್ಳುವ ಅಂಗಡಿಯವರೂ ಉಳಿದ ಪಾದರಸ ಹೋಗಲಿ ಅಂತ ಪೇಟೆಯ ಮಧ್ಯೆಯೇ ಇನ್ನೊಮ್ಮೆ ಸುಡುತ್ತಾರೆ.

ಈ ಆವಿ ಅಲ್ಲೇ ಉಳಿಯುವುದಿಲ್ಲ. ಸ್ವಲ್ಪ ಗಾಳಿಯಲ್ಲಿ ತಿಂಗಳುಗಟ್ಟಲೆ ಅಲೆದು ದೇಶಾಂತರ ಹೋಗುತ್ತದೆ. ಸ್ವಲ್ಪ ಹತ್ತಿರದ ಕಾಡಿನ ಮೇಲೆ ಇಳಿಯುತ್ತದೆ. ಮರದ ಎಲೆಗಳು ಗಾಳಿಯ ಪಾದರಸವನ್ನು ಹೀರಿಕೊಳ್ಳುತ್ತವೆ. ಎಲೆ ಉದುರಿದಾಗ ಅದು ದರಕಿನ ಜೊತೆ ನೆಲಕ್ಕೆ ಬೀಳುತ್ತದೆ. ಪೆರು ದೇಶದ ಮಾದ್ರೆ ದೆ ದಿಯೋಸ್ ಎಂಬ ಚಿನ್ನದ ಸೀಮೆಯಲ್ಲಿ, ಗಣಿಯೇ ಇಲ್ಲದ ದಟ್ಟ ಕಾಡಿನ ನೆಲದಲ್ಲೂ ವಿಪರೀತ ಪಾದರಸ ಇರುವುದನ್ನು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಘಟ್ಟದ ಬುಡದಲ್ಲಿ ಬೆಳೆದ ನಮಗೆ ಕಾಡು ಗಾಳಿಯನ್ನು ಸೋಸುತ್ತದೆ ಅಂದರೆ ಒಳ್ಳೆಯ ಮಾತಾಗಿ ಕೇಳುತ್ತದೆ. ಸೋಸಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಮಳೆ ಬಂದಾಗ ಅದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯ ಕೆಸರಿಗೆ.

ಇಲ್ಲಿಯವರೆಗೆ ನಾವು ಮಾತಾಡಿದ ಪಾದರಸ ಮೀನಿಗೆ ಅಷ್ಟೇನೂ ಅಂಟುವಂಥದ್ದಲ್ಲ. ಹೊಳೆಗೆ ಬಿದ್ದ ಹನಿ ಭಾರಕ್ಕೆ ತಳಕ್ಕೆ ಹೋಗಿ ಕೂರುತ್ತದೆ. ಅದು ನೀರಿಗಿಂತ 13.5 ಪಟ್ಟು ಭಾರ. ಕತೆ ಬದಲಾಗುವುದು ಕೆಸರಿನಲ್ಲಿ. ಈ ಭಾಗ ಎಲ್ಲಕ್ಕಿಂತ ಮುಖ್ಯ, ಆದರೆ ಜನ ಇದರ ಬಗ್ಗೆ ಮಾತಾಡುವುದೇ ಕಡಿಮೆ. ಸ್ವಲ್ಪ ನಿಧಾನಕ್ಕೆ ನೋಡೋಣ.

ಅಘನಾಶಿನಿ ಸಮುದ್ರ ಸೇರುವ ಕಡೆ ಇಳಿತದ ಹೊತ್ತಿನಲ್ಲಿ ಬೆಳಚು, ಅಂದರೆ ಕೆಸರಿನ ಚಿಪ್ಪುಜೀವಿ ಆರಿಸಲು ಹೆಂಗಸರು ಇಳಿಯುವುದನ್ನು ನೀವು ನೋಡಿರಬಹುದು. ಅವರ ಜೊತೆ ಒಮ್ಮೆ ಇಳಿದು ನೋಡಿ. ಮೇಲಿನ ಪದರ ಕಂದು ಬಣ್ಣ. ಕಾಲು ಮೊಣಕಾಲಿನವರೆಗೆ ಹೂತು, ಎಳೆದು ತೆಗೆದರೆ ಕೆಳಗಿನ ಕೆಸರು ಕಾಡಿಗೆಯಂತೆ ಕಪ್ಪು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಉಪ್ಪುನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲೂ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕೆಳಪದರದಲ್ಲೂ ಇದೇ ವಾಸನೆ. ಕೆಸರಿನ ಒಳಗೆ ಗಾಳಿ ಹೋಗುವುದಿಲ್ಲ, ಆಮ್ಲಜನಕ ಇಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಬಳಸುತ್ತವೆ. ಅವು ಹೊರಗೆ ಬಿಡುವ ಗಂಧಕದ ಅನಿಲವೇ ಆ ವಾಸನೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಕೊಳೆತ ಎಲೆ, ಕಡ್ಡಿಯನ್ನೆಲ್ಲ ಜೀರ್ಣಿಸಿ ಅಳಿವೆಯನ್ನು ಫಲವತ್ತಾಗಿ ಇಡುವವು ಅವೇ.

ಇಂಥ ಬ್ಯಾಕ್ಟೀರಿಯಾಗಳ ಪೈಕಿ ಕೆಲವಕ್ಕೆ ಇನ್ನೊಂದು ಗುಣ ಇದೆ. ಕೆಸರಿನಲ್ಲಿ ಪಾದರಸ ಸಿಕ್ಕಿದರೆ ಅದಕ್ಕೆ ಒಂದು ಇಂಗಾಲ, ಮೂರು ಜಲಜನಕದ ಸಣ್ಣ ಗೊಂಚಲನ್ನು ಅಂಟಿಸಿಬಿಡುತ್ತವೆ. ಆಗ ಆಗುವುದೇ ಮೀಥೈಲ್ ಮರ್ಕ್ಯುರಿ. ಈ ಕೆಲಸಕ್ಕೆ ಬೇಕಾದ ಎರಡು ಜೀನ್‌ಗಳನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಸಿಹಿನೀರಿನ ಕೆಸರಿನಲ್ಲಿ ಇದೇ ಕೆಲಸ ಮಾಡುವ ಬೇರೆ ಜಾತಿಯ ಸೂಕ್ಷ್ಮಜೀವಿಗಳೂ ಇವೆ. ಅಮೆಜಾನಿನಲ್ಲಿ ಚಿನ್ನಕ್ಕಾಗಿ ತೋಡಿ ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು ಸಾವಿರಾರು ಹೊಂಡಗಳಾಗಿವೆ. ನಿಂತ ನೀರು, ಕೊಳೆತ ಎಲೆ, ಗಾಳಿ ಇಲ್ಲದ ತಳ. ಈ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ?

ಅಂದರೆ ಕೆಸರಿನ ವಾಸನೆಯೇ ವಿಷ ಅಂತಲ್ಲ. ಪಾದರಸ ಇಲ್ಲದಿದ್ದರೆ ಅಲ್ಲಿ ಮೀಥೈಲ್ ಮರ್ಕ್ಯುರಿ ಆಗುವುದಿಲ್ಲ. ಆದರೆ ಪಾದರಸ ಬಂದು ಬಿದ್ದರೆ, ಅದನ್ನು ಪರಿವರ್ತಿಸುವ ಒಲೆ ಪ್ರತಿಯೊಂದು ಅಳಿವೆಯಲ್ಲೂ ಮೊದಲೇ ಹೊತ್ತಿ ಕೂತಿದೆ. ಆದ್ದರಿಂದಲೇ ಅಳಿವೆಗಳಲ್ಲಿ ಜಾಸ್ತಿ ಎಚ್ಚರ ಬೇಕು ಎನ್ನುವುದು.

ಮೀಥೈಲ್ ಮರ್ಕ್ಯುರಿಯ ಸ್ವಭಾವ ಬೆಳ್ಳಿ ಹನಿಯದ್ದಕ್ಕೆ ಪೂರ್ತಿ ಉಲ್ಟಾ. ಹನಿಯನ್ನು ನುಂಗಿದರೆ ಹೊರಗೆ ಹೋಗುತ್ತದೆ. ಇದನ್ನು ತಿಂದರೆ ಕರುಳು ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ಹೀರಿದ್ದು ಮಾಂಸದ ಪ್ರೋಟೀನಿಗೆ ಗಟ್ಟಿಯಾಗಿ ಅಂಟುತ್ತದೆ, ಬೇಗ ಬಿಡುವುದಿಲ್ಲ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ ಅದನ್ನು ಮೊದಲು ತೆಗೆದುಕೊಳ್ಳುತ್ತದೆ. ಆ ಪಾಚಿಯನ್ನು ತಾರ್ಲೆ ಎಂಬ ಸಣ್ಣ ಮೀನು (ಮಂಗಳೂರಿನವರ ಬೂತಾಯಿ) ತಿನ್ನುತ್ತದೆ. ಒಂದು ತಾರ್ಲೆ ತನ್ನ ಬದುಕಿನಲ್ಲಿ ತಿಂದ ಪಾಚಿಯಲ್ಲಿದ್ದ ಪಾದರಸದ ದೊಡ್ಡ ಪಾಲು ಅದರ ಮೈಯಲ್ಲಿ ಉಳಿಯುತ್ತದೆ. ಇಸ್ವಾಣ ಎಂಬ ದೊಡ್ಡ ಮೀನು ಅಂಥ ನೂರಾರು ತಾರ್ಲೆ ತಿನ್ನುತ್ತದೆ. ಮೋರಿ, ಅಂದರೆ ಶಾರ್ಕ್, ಅಂಥ ಇಸ್ವಾಣವನ್ನೇ ತಿನ್ನುತ್ತದೆ, ಅದೂ ಹತ್ತಿಪ್ಪತ್ತು ವರ್ಷ ಬದುಕಿ. ಪ್ರತಿ ಮೆಟ್ಟಿಲಲ್ಲೂ ಸಾಂದ್ರತೆ ಹಲವು ಪಟ್ಟು ಏರುತ್ತದೆ. ಮೇಲಿನ ಮೆಟ್ಟಿಲಿನ ಮೀನಿನ ಮಾಂಸದಲ್ಲಿ ಅದು ಈಜುವ ನೀರಿಗಿಂತ ಹತ್ತು ಲಕ್ಷ ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಇರಬಹುದು. ನೀರನ್ನು ಪರೀಕ್ಷಿಸಿ "ಕುಡಿಯಲು ಯೋಗ್ಯ" ಅಂತ ಬರೆದುಕೊಟ್ಟ ಹೊಳೆಯಲ್ಲೂ ಮೀನು ತಿನ್ನಲು ಯೋಗ್ಯವಲ್ಲದಿರಬಹುದು. ಇದು ಮನಸ್ಸಿನಲ್ಲಿರಲಿ.

ಆ ಮೇಲಿನ ಮೆಟ್ಟಿಲಿನಲ್ಲಿ ಕೊನೆಗೆ ನಿಂತಿರುವುದು ಮನುಷ್ಯ. ಬ್ರೆಜಿಲ್‌ನ ತಪಜೋಸ್ ಹೊಳೆಯ ದಂಡೆಯ ಮುಂಡುರುಕು ಜನರಿಗೆ ಮೀನೇ ಅನ್ನ. ಅವರಲ್ಲಿ ಬಹುಪಾಲು ಜನ ಚಿನ್ನ ತೆಗೆಯುವವರಲ್ಲ, ಹೊರಗಿಂದ ಬಂದ ಚಿನ್ನಗಾರರ ಕೆಳಗಿನ ಹರಿವಿನಲ್ಲಿ ಇರುವವರು. ಅವರ ಕೂದಲಿನಲ್ಲಿ ಸುರಕ್ಷಿತ ಮಿತಿ ಮೀರಿದ ಪಾದರಸವನ್ನು ವೈದ್ಯರು ಅಳೆದಿದ್ದಾರೆ. ಯಾನೊಮಾಮಿ ಬುಡಕಟ್ಟಿನ ನೆಲದಲ್ಲಿ ಅಕ್ರಮ ಚಿನ್ನಗಾರಿಕೆ ಎಷ್ಟು ಹೆಚ್ಚಿತೆಂದರೆ 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಅಲ್ಲಿ ಹಸಿವು, ಮಲೇರಿಯಾ, ಪಾದರಸ ಎಲ್ಲ ಒಟ್ಟಿಗೇ ಬಂದಿದ್ದವು. ಮಾದ್ರೆ ದೆ ದಿಯೋಸ್‌ನಲ್ಲಿ ಪೆರು ಸರ್ಕಾರ 2016ರಲ್ಲೇ ಪಾದರಸಕ್ಕಾಗಿ ತುರ್ತುಸ್ಥಿತಿ ಹೇರಿತ್ತು. ಚಿನ್ನ ಒಬ್ಬರಿಗೆ, ಪಾದರಸ ಇನ್ನೊಬ್ಬರಿಗೆ. ನನಗೆ ಇದು ಸಹಿಸಲಾಗದ ಅನ್ಯಾಯ ಅನ್ನಿಸುತ್ತದೆ.

ಇದು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿ ಚಿನ್ನದ ಹುಚ್ಚು ಹತ್ತಿದ್ದು 1849ರ ಸುಮಾರಿಗೆ. ಆಗ ಹೊಳೆಗಳಿಗೆ ಸೇರಿದ ಪಾದರಸ ಸಾವಿರಾರು ಟನ್. ಆ ಗಣಿಗಾರರ ಮೊಮ್ಮಕ್ಕಳೂ ಈಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಗಾಳ ಹಾಕುವವರಿಗೆ, ಯಾವ ಮೀನನ್ನು ಎಷ್ಟು ತಿನ್ನಬಹುದು ಎಂಬ ಎಚ್ಚರಿಕೆ ಇಂದಿಗೂ ಜಾರಿಯಲ್ಲಿದೆ.

ಮೀಥೈಲ್ ಮರ್ಕ್ಯುರಿ ಮನುಷ್ಯನಿಗೆ ಏನು ಮಾಡುತ್ತದೆ ಎಂದು ಲೋಕಕ್ಕೆ ತಿಳಿದದ್ದು ಚಿನ್ನದಿಂದಲ್ಲ, ಜಪಾನಿನ ಒಂದು ಮೀನುಗಾರರ ಊರಿನಿಂದ. ಮಿನಮಾಟ ಕೊಲ್ಲಿಯ ದಂಡೆಯಲ್ಲಿ ಚಿಸ್ಸೊ ಎಂಬ ಕಂಪನಿಯ ರಾಸಾಯನಿಕ ಕಾರ್ಖಾನೆ ತನ್ನ ಕೊಳಚೆಯನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೊದಲು ಬೆಕ್ಕುಗಳಿಗೆ ಹುಚ್ಚು ಹಿಡಿಯಿತು. ಮೀನಿನ ತಲೆ, ಬಾಲ ತಿಂದ ಬೆಕ್ಕುಗಳು ಕುಣಿದಂತೆ ತತ್ತರಿಸಿ ಬಿದ್ದು ಸಾಯುತ್ತಿದ್ದವು. ಆಮೇಲೆ ಮಕ್ಕಳು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು. ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಕೊಳವೆಯೊಳಗಿಂದ ನೋಡಿದಂತೆ ದೃಷ್ಟಿ ಕಿರಿದಾಗುವುದು. ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ 1959ರಲ್ಲಿ ಆ ಕೊಳಚೆಯನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ನೋಡಿದರು. ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಕೊಳಚೆ ನಿಂತದ್ದು, ಸರ್ಕಾರ ಕಾರಣ ಒಪ್ಪಿಕೊಂಡದ್ದು 1968ರಲ್ಲಿ. ಮಿನಮಾಟ ರೋಗಿಗಳೆಂದು ಸರ್ಕಾರ ಗುರುತಿಸಿದವರೇ 2,200ಕ್ಕೂ ಹೆಚ್ಚು. ಪರಿಹಾರಕ್ಕಾಗಿ ಹೋರಾಡಿದವರು ಅದರ ಎಷ್ಟೋ ಪಟ್ಟು.

ಮಿನಮಾಟದಲ್ಲಿ ನನ್ನನ್ನು ಜಾಸ್ತಿ ಕಾಡುವುದು ತಾಯಂದಿರ ಸಂಗತಿ. ತಾಯಿಗೆ ಅಂಥ ತೊಂದರೆ ಏನೂ ಕಾಣದಿದ್ದರೂ ಮಗು ಮಿದುಳಿಗೆ ಏಟು ಬಿದ್ದೇ ಹುಟ್ಟುತ್ತಿತ್ತು. ಮೀಥೈಲ್ ಮರ್ಕ್ಯುರಿ ಮಾಸುವನ್ನು ಸಲೀಸಾಗಿ ದಾಟುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಬೆಳೆಯುತ್ತಿರುವ ಮಿದುಳಿಗೆ ಬಿದ್ದ ಏಟು ಆಮೇಲೆ ಸರಿಹೋಗುವುದಿಲ್ಲ. 2013ರಲ್ಲಿ ದೇಶಗಳೆಲ್ಲ ಸೇರಿ ಪಾದರಸ ನಿಯಂತ್ರಣಕ್ಕೆ ಮಾಡಿಕೊಂಡ ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಮಿನಮಾಟ ಒಪ್ಪಂದ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಸಣ್ಣ ಚಿನ್ನಗಾರಿಕೆಯಲ್ಲಿ ಪಾದರಸವನ್ನು ಅದು ಒಂದೇ ಏಟಿಗೆ ನಿಷೇಧಿಸಿಲ್ಲ. ಅರೆದ ಕಲ್ಲಿಗೆಲ್ಲ ಪಾದರಸ ಸುರಿಯುವುದು, ತೆರೆದ ಬೆಂಕಿಯಲ್ಲಿ ಸುಡುವುದು, ಮನೆಗಳ ಮಧ್ಯೆ ಸುಡುವುದು ಇವನ್ನು ಮೊದಲು ನಿಲ್ಲಿಸಿ ಎನ್ನುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಆವಿಯನ್ನು ಕೊಳವೆಯಲ್ಲಿ ತಣಿಸಿದರೆ ಬಹುಪಾಲು ಪಾದರಸ ಮತ್ತೆ ಹನಿಯಾಗಿ ವಾಪಸು ಸಿಗುತ್ತದೆ. ನಮ್ಮ ಕಡೆ ಕಳ್ಳಬಟ್ಟಿ ಇಳಿಸುವ ಲೆಕ್ಕವೇ. ಫಿಲಿಪ್ಪೀನ್ಸ್‌ನ ಕೆಲವು ಊರುಗಳಲ್ಲಿ ಪಾದರಸವನ್ನೇ ಬಿಟ್ಟು ಬಿಳಿಗಾರ ಹಾಕಿ ಚಿನ್ನ ಕರಗಿಸುತ್ತಾರೆ. ನಮ್ಮ ಸೊನಗಾರರು ಬೆಸುಗೆಗೆ ಬಳಸುವ ಅದೇ ಬಿಳಿಗಾರ.

ಇಷ್ಟೆಲ್ಲ ಓದಿದ ಮೇಲೆ ಚಿಕ್ಕಮ್ಮನ ಮಗಳು ಕೇಳಿದ ಪ್ರಶ್ನೆಗೆ ಬರುತ್ತೇನೆ. ಅವಳೀಗ ಐದು ತಿಂಗಳ ಬಸುರಿ. "ಅಕ್ಕಾ, ಮೀನಿನಲ್ಲಿ ಪಾದರಸ ಇದೆಯಂತೆ, ಬಿಟ್ಟುಬಿಡ್ಲಾ?"

ಬಿಡಬೇಡ ಅಂದೆ. ಹುಟ್ಟುವ ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ತಾರ್ಲೆ, ಬಾಂಗಡೆಯಲ್ಲಿ ಇರುವಷ್ಟು ಬೇರೆ ಎಲ್ಲಿ ಅಷ್ಟು ಕಡಿಮೆ ದುಡ್ಡಿಗೆ ಸಿಗುತ್ತದೆ? ಬಿಡಬೇಕಾದದ್ದು ಮೀನನ್ನಲ್ಲ, ಮೇಲಿನ ಮೆಟ್ಟಿಲಿನ ದೊಡ್ಡ ಮೀನನ್ನು. ತಾರ್ಲೆ ಬದುಕುವುದೇ ಎರಡು ಮೂರು ವರ್ಷ, ತಿನ್ನುವುದು ಪಾಚಿ. ಬಾಂಗಡೆಯದ್ದೂ ಹಾಗೇ, ಸಣ್ಣ ಬದುಕು, ಸಣ್ಣ ಆಹಾರ. ಸಿಗಡಿ, ಬೆಳಚು ಕೂಡ ಕೆಳಗಿನ ಮೆಟ್ಟಿಲಿನವು. ಮೋರಿ, ದೊಡ್ಡ ಟ್ಯೂನಾ, ಕತ್ತಿಮೀನು ಇವನ್ನು ಬಸುರಿಯರು, ಹಾಲುಣಿಸುವವರು, ಸಣ್ಣ ಮಕ್ಕಳು ತಿನ್ನದಿರುವುದು ಒಳ್ಳೆಯದು. ಅಮೆರಿಕದ ಆಹಾರ ಇಲಾಖೆ ಬಸುರಿಯರಿಗೆ ಬೇಡ ಎನ್ನುವ ಪಟ್ಟಿಯಲ್ಲಿ ಕಿಂಗ್ ಮ್ಯಾಕರಲ್ ಕೂಡ ಇದೆ. ಅದು ಅಟ್ಲಾಂಟಿಕ್ ಸಮುದ್ರದ ಮೀನು, ಆದರೆ ನಮ್ಮ ಇಸ್ವಾಣದ ದಾಯಾದಿಯೇ. ಮಂಗಳೂರಿನವರು ಅಂಜಲ್ ಎನ್ನುವ ಇಸ್ವಾಣವನ್ನು ಬಿಡಿ ಎಂದರೆ ನಮ್ಮೂರಿನಲ್ಲಿ ಯಾರೂ ಕೇಳಲಿಕ್ಕಿಲ್ಲ. ಆದರೆ ಬಸುರಿಯಾದವಳು ಹತ್ತು ಕಿಲೊ ತೂಗುವ ಇಸ್ವಾಣದ ತುಂಡನ್ನು ವಾರವಾರ ತಿನ್ನುವುದು ಬೇಡ. ಯಾವಾಗಲೋ ಒಮ್ಮೆ ಸಣ್ಣ ಇಸ್ವಾಣ ಇರಲಿ.

ಲೆಕ್ಕ ಬೇಕು ಎನ್ನುವವರಿಗೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿಯ ಪ್ರಕಾರ ಮೀಥೈಲ್ ಮರ್ಕ್ಯುರಿಯ ವಾರದ ಮಿತಿ ದೇಹತೂಕದ ಪ್ರತಿ ಕಿಲೊಗೆ 1.6 ಮೈಕ್ರೊಗ್ರಾಂ. ಮೈಕ್ರೊಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. 60 ಕಿಲೊ ತೂಗುವ ಹೆಂಗಸಿಗೆ ವಾರಕ್ಕೆ 96 ಮೈಕ್ರೊಗ್ರಾಂ. ಕಿಲೊಗೆ 1 ಮಿಲಿಗ್ರಾಂ ಪಾದರಸ ಇರುವ ಮೀನಾದರೆ ಸುಮಾರು 96 ಗ್ರಾಂ ತಿಂದಾಗಲೇ ವಾರದ ಪಾಲು ಮುಗಿಯಿತು. ಅಂದರೆ ಒಂದು ತುಂಡು. ಕಿಲೊಗೆ 0.05 ಮಿಲಿಗ್ರಾಂ ಇರುವ ಸಣ್ಣ ಮೀನಾದರೆ ಸುಮಾರು ಎರಡು ಕಿಲೊ ತಿನ್ನಬಹುದು. ಒಂದೇ ಪೇಟೆಯ, ಒಂದೇ ಸಾಲಿನ ಎರಡು ಬುಟ್ಟಿಗಳ ನಡುವೆ ಇಷ್ಟು ವ್ಯತ್ಯಾಸ ಇರಬಹುದು.

ತೊಳೆದರೆ, ಹುರಿದರೆ ಹೋಗುತ್ತದೆ ಎನ್ನುವ ಮಾತೂ ಕೇಳಿದ್ದೇನೆ. ಹೋಗುವುದಿಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿದೆ. ಮುರುಗಲು, ವಾಟೆಹುಳಿ ಎಷ್ಟು ಹಾಕಿದರೂ ಮೀನಿನ ನಾತ ಹೋದೀತು, ಇದು ಹೋಗದು. ಚರ್ಮ, ಕೊಬ್ಬು ತೆಗೆದರೂ ಪ್ರಯೋಜನ ಇಲ್ಲ. ಉಪ್ಪು ಹಾಕಿ ಒಣಗಿಸಿದರೆ ನೀರು ಆರಿ ತೂಕ ಕಡಿಮೆಯಾಗುತ್ತದೆ, ಪಾದರಸ ಹಾಗೇ ಇರುತ್ತದೆ. ಹಾಗಾಗಿ ಒಣಗಿದ ಮೋರಿಯ ಒಂದು ಗ್ರಾಮಿನಲ್ಲಿ ಹಸಿ ಮೋರಿಯ ಒಂದು ಗ್ರಾಮಿಗಿಂತ ಜಾಸ್ತಿ. ಒಂದು ಸಮಾಧಾನ ಏನೆಂದರೆ ನಮ್ಮ ದೇಹ ಇದನ್ನು ನಿಧಾನಕ್ಕೆ ಹೊರಗೆ ಹಾಕುತ್ತದೆ. ಸುಮಾರು 50ರಿಂದ 70 ದಿನಕ್ಕೆ ಅರ್ಧ ಆಗುತ್ತದೆ. ಮಗು ಬೇಕು ಎಂದುಕೊಂಡವರು ಆರು ತಿಂಗಳು ಮೊದಲೇ ದೊಡ್ಡ ಮೀನು ಕಡಿಮೆ ಮಾಡಿದರೆ ಅಷ್ಟು ಹಗುರ.

ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಅಮೆಜಾನಿನಂತೆ ಚಿನ್ನಗಾರಿಕೆ ಇಲ್ಲ. ಆದರೆ ಪಾದರಸ ನಮ್ಮ ಕರಾವಳಿಗೆ ಹೊಸಬನಲ್ಲ. ಕಾರವಾರದ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಸೋಡಾ ಮಾಡುವ ಹಳೆಯ ವಿಧಾನದಲ್ಲಿ ಪಾದರಸದ ತೊಟ್ಟಿ ಬೇಕಿತ್ತು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಪಾದರಸದ ಬಗ್ಗೆ ಸಾಗರ ವಿಜ್ಞಾನಿಗಳು 1990ರಲ್ಲೇ ಸಂಶೋಧನಾ ಪ್ರಬಂಧ ಪ್ರಕಟಿಸಿದ್ದಾರೆ. ಆಮೇಲೆ ದೇಶದ ಈ ಉದ್ಯಮ ಪಾದರಸ ಬೇಡದ ಪೊರೆಯ ವಿಧಾನಕ್ಕೆ ಬದಲಾಯಿತು. ಅಘನಾಶಿನಿಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ಬೀದಿಗಿಳಿದು ವಿರೋಧಿಸಿದರು, ಸ್ಥಾವರ ಬರಲಿಲ್ಲ. ಹೊಗೆ, ಬೂದಿ, ಬಿಸಿನೀರಿನ ಮಾತು ಆಗ ಎಲ್ಲರ ಬಾಯಲ್ಲಿತ್ತು. ಕಲ್ಲಿದ್ದಲಿನೊಳಗೂ ಪಾದರಸ ಇದೆ, ಅಳಿವೆಯ ಕಪ್ಪು ಕೆಸರು ಅದಕ್ಕೆ ಕಾದಿರುತ್ತದೆ ಎಂಬ ಮಾತು ಇನ್ನೂ ಜೋರಾಗಿ ಕೇಳಬೇಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಅಘನಾಶಿನಿಯ ಅಳಿವೆ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ ಸೇರಿದ್ದನ್ನು 2024ರ ಜನವರಿಯಲ್ಲಿ ಘೋಷಿಸಿದರು. ಮುಂದೆ ಯಾವುದೇ ಯೋಜನೆ ಬಂದರೂ ಕೆಸರಿನ ಪಾದರಸ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಬೆಳಚು ಆರಿಸುವ ಹೆಂಗಸರಿಗೆ ಎಲ್ಲರಿಗಿಂತ ಮೊದಲು ಇದೆ.

ಉಂಗುರದ ಕತೆಯಲ್ಲಿ ಹೇಳದೆ ಬಿಟ್ಟ ಒಂದು ಭಾಗ ಇದೆ. ಸೊನಗಾರರ ಅಂಗಡಿಯಿಂದ ಬಂದ ಮೇಲೆ, ಕಾಗದದಲ್ಲಿ ಉಳಿದಿದ್ದ ಪಾದರಸವನ್ನು ನಾನು ಹಿತ್ತಿಲ ಚರಂಡಿಗೆ ಸುರಿದೆ. ಆ ಚರಂಡಿ ಕೋಡಿಬಾಗದ ಕಡೆ ಹರಿದು ಕಾಳಿಯನ್ನು ಸೇರುತ್ತದೆ. ಥರ್ಮಾಮೀಟರಿನಲ್ಲಿ ಇರುವುದು ಅರ್ಧ ಗ್ರಾಮಿನಿಂದ ಒಂದು ಗ್ರಾಂ. ಮೀನಿಗೆ ಬಹಳಷ್ಟು ದೇಶಗಳು ಇಟ್ಟುಕೊಂಡ ಮಿತಿ ಕಿಲೊಗೆ 0.5 ಮಿಲಿಗ್ರಾಂ. ಆ ಅರ್ಧ ಗ್ರಾಂ ಅಷ್ಟೂ ಮೀಥೈಲ್ ಮರ್ಕ್ಯುರಿಯಾಗಿ ಮೀನಿಗೆ ಸೇರಿದರೆ 1,000 ಕಿಲೊ ಮೀನನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಅಷ್ಟೂ ಸೇರುವುದಿಲ್ಲ ನಿಜ. ಎಷ್ಟು ಸೇರಿತೋ ಆ ಕೆಸರಿಗೇ ಗೊತ್ತು.

ಆದ್ದರಿಂದ ನಿಮ್ಮ ಮನೆಯಲ್ಲಿ ಹಳೆಯ ಥರ್ಮಾಮೀಟರ್, ಬಿಪಿ ನೋಡುವ ಪಾದರಸದ ಪೆಟ್ಟಿಗೆ ಇದ್ದರೆ ಜೋಪಾನ. ಒಡೆದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆಯಿರಿ, ಫ್ಯಾನ್ ಆರಿಸಿ. ಮೈಮೇಲಿನ ಚಿನ್ನ ತೆಗೆದಿಡಿ. ಪೊರಕೆ ಹಿಡಿಯಬೇಡಿ, ಹನಿ ಚೂರಾಗಿ ಎಲ್ಲೆಡೆ ಹರಡುತ್ತದೆ. ಎರಡು ಗಟ್ಟಿ ಕಾಗದದ ತುಂಡುಗಳಿಂದ ಹನಿಗಳನ್ನು ಒಂದೆಡೆ ತಳ್ಳಿ, ಸ್ವಲ್ಪ ನೀರು ಹಾಕಿದ ಪ್ಲಾಸ್ಟಿಕ್ ಬಾಟಲಿಗೆ ಸೇರಿಸಿ, ಮುಚ್ಚಳ ಬಿಗಿಯಾಗಿ ಹಾಕಿ. ಸಂದಿಯಲ್ಲಿ ಸಿಕ್ಕಿದ ಸಣ್ಣ ಹನಿಗಳನ್ನು ಅಂಟುಪಟ್ಟಿಯಿಂದ ಎತ್ತಿ ಅದೇ ಬಾಟಲಿಗೆ ಹಾಕಿ. ಬಾಟಲಿಯ ಮೇಲೆ "ಪಾದರಸ" ಅಂತ ಬರೆದು, ನಗರಸಭೆ ಅಥವಾ ಪಂಚಾಯತಿಯಲ್ಲಿ ಅಪಾಯಕಾರಿ ಕಸ ಯಾರಿಗೆ ಕೊಡಬೇಕೆಂದು ಕೇಳಿ ಅವರಿಗೇ ಕೊಡಿ. ಚರಂಡಿಗೆ ಹಾಕಬೇಡಿ.